ಸ್ಟಿಲ್ಲಿಸೈಡ್

ಆಗಸ್ಟ್ 29, 2004, ಭಾನುವಾರ

ಹೊಸ ವರ್ಷಕ್ಕೆ ಶಾಲೆಯವರು ಕೊಟ್ಟ ಡೈರಿ ಇದು. ಇಷ್ಟು ತಿಂಗಳು ಖಾಲಿ ಬಿದ್ದಿತ್ತು. ಈ ಮನೆಯಲ್ಲಿ ಬಾಯಿ ತೆರೆದರೆ ಸಾಕು, "ಮಲಕ್ಕೊ, ಯೋಚ್ನೆ ಮಾಡ್ಬೇಡ" ಅನ್ನುತ್ತಾರೆ. ಡೈರಿ ಹಾಗನ್ನುವುದಿಲ್ಲ.

ಆಪರೇಷನ್ ಆಗಿ ಮೂರು ವಾರವಾಗುತ್ತಾ ಬಂತು. ಹೊಲಿಗೆ ಒಣಗಿದೆ. ಎದ್ದು ಓಡಾಡಬಲ್ಲೆ, ಆದರೆ ಅತ್ತೆ ಹೊಸಿಲು ದಾಟಲು ಬಿಡುವುದಿಲ್ಲ. ಮಗು ಇದ್ದರೂ ಇಲ್ಲದಿದ್ದರೂ ಬಾಣಂತನ ಬಾಣಂತನವೇ ಅಂತೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊತ್ತು ಹೊತ್ತಿಗೆ ಬೆಳ್ಳುಳ್ಳಿ ಮೆಣಸಿನ ಸಾರು. ನಾನು ಬೆವರುತ್ತಾ ಕಿಟಕಿ ಹತ್ತಿರ ಕೂತಿರುತ್ತೇನೆ.

ಈ ಹಿಂದಿನ ಕೋಣೆಯನ್ನು ನನ್ನ ಗಂಡ ರವಿ ಜೂನ್‌ನಲ್ಲಿ ಬಾಣಂತನಕ್ಕೆಂದೇ ಕಟ್ಟಿಸಿದ್ದು. ಇಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಶೀಟು. ಶೀಟು ಎರಡು ಮನೆಗಳ ನಡುವಿನ ಸಂದಿಗೆ ಚಾಚಿದೆ ಅಂತ ಪಕ್ಕದ ಮನೆ ವೆಂಕಟೇಶಪ್ಪನವರು ಜುಲೈನಲ್ಲಿ ಒಂದಷ್ಟು ಕೂಗಾಡಿದ್ದರು. ನಾನು ಆಸ್ಪತ್ರೆಯಿಂದ ಬಂದ ಮೇಲೆ ಅವರ ಬಾಯಿಂದ ಆ ಮಾತೇ ಇಲ್ಲ. ಎದುರು ಸಿಕ್ಕರೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ತೊಟ್ಟಿಲಿಗೆಂದು ಜಂತಿಗೆ ಕೊಕ್ಕೆ ಹಾಕಿಸಿದ್ದರು ರವಿ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕೊಕ್ಕೆ ಇರಲಿಲ್ಲ. ಯಾರು ತೆಗೆದರು ಅಂತ ನಾನು ಕೇಳಲಿಲ್ಲ.

ಕೇಳಿದ್ದು ಒಂದೇ. ನನಗೆ ಎಚ್ಚರ ಬರುವಷ್ಟರಲ್ಲಿ ಮಗುವನ್ನು ತೆಗೆದುಕೊಂಡು ಹೋಗಿಬಿಟ್ಟಿದ್ದರು. ಹಾಗಾಗಿ ಗಂಡೋ ಹೆಣ್ಣೋ ಅಂತ ಕೇಳಿದೆ. ಅತ್ತೆ ಗೋಡೆ ನೋಡಿಕೊಂಡು "ಗಂಡು ಕಣವ್ವ" ಅಂದರು. ರವಿಯನ್ನು ಕೇಳಿದರೆ "ಅದೆಲ್ಲಾ ಈಗ ಯಾಕೆ ಉಷಾ" ಅಂದು ಶರ್ಟ್ ಹಾಕಿಕೊಂಡು ಹೊರಗೆ ಹೋದರು.

ಇಷ್ಟು ಸಣ್ಣ ಪ್ರಶ್ನೆಗೆ ಇಬ್ಬರಿಗೂ ಅಷ್ಟು ಕಷ್ಟ ಯಾಕಾಗಬೇಕು?

ಸೆಪ್ಟೆಂಬರ್ 2, ಗುರುವಾರ

ಆರೋಗ್ಯ ಕೇಂದ್ರದ ನರ್ಸಮ್ಮ ಬಂದಿದ್ದಳು. ಮಗು ಹೋದ ಮನೆಗೆಲ್ಲ ಬಂದು ಕೇಳಿ ಬರೆದುಕೊಂಡು ಹೋಗುತ್ತಾರಂತೆ. ಈ ಹೊಸೂರು ಕಡೆ ಹಾಗೆ ಕೇಳುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಧರ್ಮಪುರಿ ಬಸ್ಸುಗಳ ಹಿಂದೆ ಹೆಣ್ಣುಮಗುವನ್ನು ಕೊಲ್ಲಬೇಡಿ ಅಂತ ತಮಿಳಲ್ಲಿ ದೊಡ್ಡದಾಗಿ ಬರೆದಿರುತ್ತೆ. ನಾನು ಮಾಲೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ರವಿ ಅದನ್ನು ಓದಿ ಹೇಳಿ, "ನಮ್ಮೋರಲ್ಲಿ ಅಂಥದ್ದಿಲ್ಲ ಬಿಡು" ಅಂದಿದ್ದರು.

ನರ್ಸಮ್ಮ ನನ್ನನ್ನು ಕೇಳಿದಳು. ಉತ್ತರ ಕೊಟ್ಟಿದ್ದು ಅತ್ತೆ. ನನಗೂ ಅವಳಿಗೂ ನಡುವೆ ಬಂದು ನಿಂತುಕೊಂಡೇ ಕೊಟ್ಟರು.

"ಗಂಡಾ ಹೆಣ್ಣಾ?"

"ಗಂಡು."

ನರ್ಸಮ್ಮ ಬರೆಯುವುದನ್ನು ನಿಲ್ಲಿಸಿ ಒಂದು ಸಲ ಅತ್ತೆಯ ಮುಖ ನೋಡಿದಳು, ಒಂದು ಸಲ ನನ್ನ ಮುಖ. ಅತ್ತೆ ಅವಳ ಮೊಣಕೈ ಹಿಡಿದು "ಬಾರವ್ವ, ಬಿಸ್ಲು" ಅಂತ ಗೇಟಿನ ತನಕ ಕರೆದುಕೊಂಡು ಹೋದರು. ಅಲ್ಲಿ ನಿಂತು ತುಂಬ ಹೊತ್ತು ಪಿಸುಗುಟ್ಟಿದರು. ನರ್ಸಮ್ಮ ತಲೆ ಆಡಿಸಿದಳು.

ಆಮೇಲೆ ಏನು ಹೇಳಿದಿರಿ ಅಂತ ಕೇಳಿದೆ. "ಏನೂ ಇಲ್ಲ, ಕಾಲ್ನೋವಿನ ಮಾತ್ರೆ ಕೇಳ್ದೆ" ಅಂದರು. ಅತ್ತೆಗೆ ಕಾಲುನೋವು ಇರುವುದು ನನಗೆ ಇವತ್ತೇ ಗೊತ್ತಾಗಿದ್ದು.

ಸೆಪ್ಟೆಂಬರ್ 4, ಶನಿವಾರ

ರವಿ ಮೊದಲ ಶಿಫ್ಟ್ ಮುಗಿಸಿ ಬಂದಿದ್ದರು. ನಾನು ಮಲಗಿದ್ದೇನೆ ಅಂದುಕೊಂಡು ಅಡುಗೆಮನೆಯಲ್ಲಿ ತಾಯಿ ಮಗ ಮಾತಾಡುತ್ತಿದ್ದರು. ನೀರು ಕುಡಿಯಲು ಎದ್ದವಳು ಬಾಗಿಲ ಹಿಂದೆ ನಿಂತೆ.

ಅತ್ತೆ ಅಂದಿದ್ದು ಇಷ್ಟು. ಒಂದು ಅಕ್ಷರ ಬಿಡದೆ ಬರೆದಿಡುತ್ತೇನೆ.

"ಬೆಚ್ಚುಗಿತ್ತು ಕಣ್ಲಾ ರವಿ, ನನ್ ಕೈನಾಗೆ. ಇನ್ನೂ ಬೆಚ್ಚುಗೇ ಇತ್ತು. ಅವಳ್ಗೆ ಮಾತ್ರ ಹೇಳ್ಬೇಡ."

ರವಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

ಸೆಪ್ಟೆಂಬರ್ 5

ಹೊಟ್ಟೆಯಲ್ಲೇ ಸತ್ತಿತ್ತು ಅಂದಿದ್ದರು ಡಾಕ್ಟರಮ್ಮ. ಇಂಗ್ಲಿಷಿನಲ್ಲಿ ಸ್ಟಿಲ್‌ಬಾರ್ನ್ ಅಂದರು. ಡಾಕ್ಟರಮ್ಮ ಹೇಳಿದ್ದು ನನ್ನ ಕಿವಿಗೆ ಬಿದ್ದಿದ್ದು ಅರೆ ಎಚ್ಚರದಲ್ಲಿ. ಅದು ನಿಜವಾಗಿ ಅವರ ದನಿಯೇ ಆಗಿತ್ತಾ?

ಸತ್ತದ್ದು ಬೆಚ್ಚಗಿರುತ್ತಾ?

ಸೆಪ್ಟೆಂಬರ್ 7, ಮಂಗಳವಾರ

ಸಂಜೆ ಜೋರು ಮಳೆ. ನಿಂತ ಮೇಲೂ ಶೀಟಿನಿಂದ ಸಂದಿಗೆ ನೀರು ಬೀಳುತ್ತಲೇ ಇತ್ತು. ಸಂದಿ ಅಂದರೆ ಒಬ್ಬರು ಮೈ ಓರೆ ಮಾಡಿಕೊಂಡು ಹೋಗುವಷ್ಟು ಜಾಗ. ಅದರಾಚೆ ವೆಂಕಟೇಶಪ್ಪನವರ ಹಾಲ್ ಕಿಟಕಿ. ಲಾರಿ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದು ರಿಟೈರಾದವರು ಅವರು. ಅವರ ಹೆಂಡತಿ ಚೆಲುವಮ್ಮನ ಅಣ್ಣ ಹನುಮಯ್ಯ ಅಂತ, ಹೊಸೂರು ಕೋರ್ಟಿನಲ್ಲಿ ಹಳೇ ವಕೀಲರು. ಅವರ ಕಾರು ಬಂದಿತ್ತು.

ಆ ಮನೆಯಲ್ಲಿ ಊಟ ತಿಂಡಿಯ ಮಾತಾದರೆ ತೆಲುಗು, ನಮ್ಮ ಜೊತೆ ಕನ್ನಡ, ಕೋರ್ಟು ಕಚೇರಿ ಅಂದ ತಕ್ಷಣ ತಮಿಳು. ಇವತ್ತು ಶುರುವಿನಿಂದಲೇ ತಮಿಳು. ಅದೂ ತಗ್ಗಿದ ದನಿಯಲ್ಲಿ. ಇದ್ದಕ್ಕಿದ್ದಂತೆ ಅವರಿಗೆ ಯಾಕೆ ಇಷ್ಟು ಮೆತ್ತಗೆ ಮಾತಾಡಬೇಕು ಅನ್ನಿಸಿತು ಅಂತ ನಾನು ಕಿಟಕಿಗೆ ಕಿವಿ ಕೊಟ್ಟೆ.

"ಕೊಳಂದೈ" ಅಂದರು ವೆಂಕಟೇಶಪ್ಪ. ಅಂದರೆ ಮಗು. ಅಷ್ಟು ತಮಿಳು ನನಗೆ ಬರುತ್ತೆ. ಮಗು ಹೋದ ಮನೆ ಅಂತ ಏನೋ. ಆಮೇಲೆ ವಕೀಲರ ದನಿ: ಕೇಸು ಹಾಕಬಹುದು, ಫೋಟೋ ಬೇಕು, ಸಾಕ್ಷಿ ಬೇಕು. ನೀರಿನ ಸದ್ದಿಗೆ ಅರ್ಧಂಬರ್ಧ. ಕೊನೆಗೆ ಅವರು ಒಂದು ಇಂಗ್ಲಿಷ್ ಪದ ಹೇಳಿದರು. ವೆಂಕಟೇಶಪ್ಪನಿಗೆ ಅರ್ಥವಾಗದೆ ಇನ್ನೊಂದು ಸಲ ಹೇಳಿಸಿದರು. ಅದಕ್ಕೇ ನನಗೂ ಸ್ಪಷ್ಟವಾಗಿ ಕೇಳಿಸಿತು.

ಸ್ಟಿಲ್ಲಿಸೈಡ್.

ಚೆಲುವಮ್ಮ ಬಂದು ಕಿಟಕಿ ಮುಚ್ಚಿದರು. ಮುಚ್ಚುವಾಗ ನಮ್ಮ ಕಿಟಕಿಯ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ನೋಡಿರಬಹುದು.

ಸೆಪ್ಟೆಂಬರ್ 8, ಬುಧವಾರ

ಬಿ.ಎ. ಓದುವಾಗಿನ ಇಂಗ್ಲಿಷ್ ನಿಘಂಟು ಟ್ರಂಕಿನಲ್ಲಿತ್ತು. ಸ್ಟಿಲ್ ಇದೆ. ಅದರ ಕೆಳಗೆ ಸ್ಟಿಲ್‌ಬಾರ್ನ್: ಸತ್ತು ಹುಟ್ಟಿದ. ಅದರ ಕೆಳಗೆ ಸ್ಟಿಲ್ಟ್, ಮರಗಾಲು. ನನ್ನ ಪದ ಇಲ್ಲ.

ಇಲ್ಲದಿದ್ದರೇನು. ನಾನು ಎಲ್‌ಕೆಜಿ ಮಕ್ಕಳಿಗೆ ಪದ ಒಡೆದು ಓದುವುದನ್ನೇ ಹೇಳಿಕೊಡುವವಳು. ಸೂಸೈಡ್, ತನ್ನನ್ನು ಕೊಂದುಕೊಳ್ಳುವುದು. ಹಾಮಿಸೈಡ್, ಮನುಷ್ಯನನ್ನು ಕೊಲ್ಲುವುದು. ಹೊಲಕ್ಕೆ ಹೊಡೆಯುವ ಪೆಸ್ಟಿಸೈಡ್ ಕೂಡ ಅದೇ. ಬಾಲ ಸೈಡ್ ಆದರೆ ಕೊಲೆ. ತಲೆ ಸ್ಟಿಲ್. ಸತ್ತು ಹುಟ್ಟಿತು ಅಂತ ಹೇಳಿ ಕೊಲ್ಲುವುದಕ್ಕೆ ಕಾನೂನಿನಲ್ಲಿ ಒಂದು ಹೆಸರೇ ಇದೆ ಅಂದಹಾಗಾಯಿತು. ಹೆಸರು ಇದೆ ಅಂದರೆ ನಮಗಿಂತ ಮುಂಚೆ ಎಷ್ಟು ಜನ ಮಾಡಿರಬೇಕು.

ಹೆಣ್ಣಾಗಿತ್ತು. ಅದಕ್ಕೇ ಗಂಡು ಅಂತಾರೆ. ಹೆಣ್ಣು ಅಂದರೆ ಜನ ಕೇಳುತ್ತಾರೆ, ಗಂಡು ಅಂದರೆ ಯಾರೂ ಕೇಳುವುದಿಲ್ಲ. ನಾನು ಹೆಣ್ಣೇ ಬೇಕು ಅಂತಿದ್ದಾಗ ಅತ್ತೆ ಏನೂ ಹೇಳದೆ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು. ಆ ಸುಮ್ಮನಿದ್ದದ್ದರ ಅರ್ಥ ಈಗ ಆಗುತ್ತಿದೆ.

ಸೆಪ್ಟೆಂಬರ್ 11, ಶನಿವಾರ

ವೆಂಕಟೇಶಪ್ಪ ಕ್ಯಾಮೆರಾ ಹಿಡಿದು ಸಂದಿಯಲ್ಲಿ ನಿಂತಿದ್ದರು. ನಮ್ಮ ಹಿಂದಿನ ಕೋಣೆಯ ಫೋಟೋ ತೆಗೆದರು. ಕಿಟಕಿಯಲ್ಲಿ ನನ್ನನ್ನು ಕಂಡು ಕ್ಯಾಮೆರಾವನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಚೆನ್ನಾಗಿದ್ದೀಯೇನಮ್ಮ?" ಅಂದರು.

ಚೆನ್ನಾಗಿದ್ದೇನೆ ಅಂದೆ.

ಸೆಪ್ಟೆಂಬರ್ 12, ಭಾನುವಾರ

ಚೆಲುವಮ್ಮ ಬದನೆಕಾಯಿ ಗೊಜ್ಜು ತಂದು ಕೊಟ್ಟರು. ಅತ್ತೆ ಒಳಗೆ ಪಾತ್ರೆ ಖಾಲಿ ಮಾಡಲು ಹೋದಾಗ ನನ್ನ ಪಕ್ಕ ಕೂತು ಕೋಣೆಯನ್ನೆಲ್ಲ ನೋಡಿದರು. ಮೇಲೆ ಶೀಟು ನೋಡಿದರು, ಮೂಲೆಗಳನ್ನು ನೋಡಿದರು.

"ಇದೇ ರೂಮ್ನಾಗೆ ಮಲಗ್ತೀಯಾ?"

"ಹೂಂ."

"ನಮ್ಮೆಜಮಾನ್ರಿಗೆ ನಾನು ಹೇಳಿವ್ನಿ. ಈಗ ಏನೂ ಮಾಡ್ಬೇಡಿ, ನಲವತ್ತು ದಿನ ಕಳೀಲಿ ಅಂತ. ಅವ್ರು ಮುಂಗೋಪಿ, ಆದ್ರೆ ಕೆಟ್ಟೋರಲ್ಲ."

"ಆಮೇಲೆ ಮಾಡ್ತಾರಾ?"

"ಮಾಡ್ದೆ ಏನು ಮಾಡೋದವ್ವ, ದಿನಾ ನೋಡ್ಕಂಡು ಸುಮ್ನಿರಕ್ಕಾಗ್ತದಾ? ನಿನ್ ಗಂಡನಿಗೆ ನೀನಾದ್ರೂ ಒಂದ್ ಮಾತು ಹೇಳು."

ಅತ್ತೆ ಬಂದರು. ಚೆಲುವಮ್ಮ ಮಾತು ಬದಲಿಸಿದರು. ಅವರಿಗೆ ಎಲ್ಲಾ ಗೊತ್ತಿದೆ. ಇಡೀ ಬೀದಿಗೆ ಗೊತ್ತಿರಬೇಕು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ.

ಸೆಪ್ಟೆಂಬರ್ 13, ಸೋಮವಾರ

ಅತ್ತೆ ಬೆಳಿಗ್ಗೆ ಸೊಪ್ಪು ತರುತ್ತೇನೆ ಅಂತ ಹೋದರು. ಬರಿಗೈಲಿ ಬಂದರು. ಸೆರಗಿನ ಅಂಚಿಗೆ ಕೆಮ್ಮಣ್ಣು ಹತ್ತಿತ್ತು. ಹೋದ ಸೋಮವಾರವೂ ಹೀಗೇ. ಅದರ ಹಿಂದಿನ ಸೋಮವಾರವೂ ಇರಬೇಕು, ನಾನು ಗಮನಿಸಿರಲಿಲ್ಲ. ಆಪರೇಷನ್ ಆಗಿದ್ದು ಸೋಮವಾರ.

ಏನನ್ನು ಮುಚ್ಚಲು ಹೋಗುತ್ತಾರೆ?

ಸೆಪ್ಟೆಂಬರ್ 15, ಬುಧವಾರ

ಅತ್ತೆ ಕೊಟ್ಟ ಕಷಾಯವನ್ನು ಬಚ್ಚಲಿಗೆ ಸುರಿದೆ. ನಿನ್ನೆಯೂ ಸುರಿದೆ. ಅನ್ನ ಮಾತ್ರ ನಾನೇ ಕುಕ್ಕರಿನಿಂದ ಹಾಕಿಕೊಂಡು ಉಪ್ಪಿನಕಾಯಿಯಲ್ಲಿ ತಿಂದೆ. ಅವರು ನೋಡುತ್ತಾ ನಿಂತಿದ್ದರು. "ಸಾರು ಬ್ಯಾಡ್ವಾ?" ಅಂದರು. ಬೇಡ ಅಂದೆ.

ರವಿ ಕೆಲಸದಿಂದ ಬಂದು ಪಕ್ಕದಲ್ಲಿ ಕೂತು ಕೈ ಹಿಡಿಯಲು ಬಂದರು. ಎಣ್ಣೆ, ಕಬ್ಬಿಣದ ಪುಡಿಯ ವಾಸನೆ. ಮೊದಲು ನನಗೆ ಆ ವಾಸನೆ ಇಷ್ಟವಾಗಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ಯಾಕೆ ಅಂತ ಕೇಳಲಿಲ್ಲ. ತಪ್ಪಿಲ್ಲದವನಾದರೆ ಕೇಳಬೇಕಿತ್ತಲ್ಲ?

ಸೆಪ್ಟೆಂಬರ್ 18

ಗಣೇಶನ ಹಬ್ಬ. ಸೂತಕದ ಮನೆ, ನಮಗಿಲ್ಲ.

ಸೆಪ್ಟೆಂಬರ್ 20, ಸೋಮವಾರ

ಅತ್ತೆ ಮತ್ತೆ ಹೋಗಿ ಬಂದರು. ಮತ್ತೆ ಸೊಪ್ಪಿಲ್ಲ.

ಇಲ್ಲಿ ನನಗೆ ಉಳಿಗಾಲವಿಲ್ಲ. ಮಾಲೂರಿಗೆ ಹೋಗಿಬಿಡುತ್ತೇನೆ. ಅದಕ್ಕೆ ಮುಂಚೆ ಒಂದು ಕೆಲಸವಿದೆ. ಪಕ್ಕದವರಿಗೆ ಆ ಮಗುವಿನ ಬಗ್ಗೆ ಇಷ್ಟು ಕಾಳಜಿ ಇದ್ದರೆ ಹೆತ್ತವಳು ನಾನು ಸುಮ್ಮನೆ ಕೂತುಕೊಳ್ಳುವುದು ಹೇಗೆ? ನಾಳೆ ವಕೀಲರನ್ನು ನೋಡುತ್ತೇನೆ.

ಸೆಪ್ಟೆಂಬರ್ 21, ಮಂಗಳವಾರ

ನಡೆದದ್ದನ್ನೆಲ್ಲ ಬರೆಯಬೇಕು.

ರವಿ ಶಿಫ್ಟಿಗೆ ಹೋಗಿದ್ದರು. ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಕಿವಿಯ ಹತ್ತಿ ಕಿತ್ತು ಬಿಸಾಡಿ, ಸೀರೆ ಬದಲಾಯಿಸಿ ಹೊರಟೆ. ಮೂಕಂಡಪಲ್ಲಿ ಸರ್ಕಲ್ಲಿನಲ್ಲಿ ಆಟೋ ಹತ್ತಿದೆ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ರಸ್ತೆಯ ಗುಂಡಿಯಲ್ಲಿ ಆಟೋ ಎಗರಿದಾಗಲೆಲ್ಲ ಹೊಲಿಗೆ ಹಿಡಿದುಕೊಂಡು ಕೂತೆ.

ಕೋರ್ಟಿನ ಹಿಂದಿನ ಬೀದಿಯಲ್ಲಿ ಹನುಮಯ್ಯನವರ ಮನೆ, ಮುಂದಿನ ಕೋಣೆಯೇ ಆಫೀಸು. ಗೋಡೆ ತುಂಬ ದಪ್ಪ ಪುಸ್ತಕಗಳು. ಅವರು ಬನಿಯನ್ ಮೇಲೆ ಟವೆಲ್ ಹೊದ್ದು ಪೇಪರ್ ಓದುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ನಿಮ್ಮ ತಂಗಿಯ ಪಕ್ಕದ ಮನೆಯವಳು ಅಂದೆ. ತಕ್ಷಣ ಎದ್ದು ಕುರ್ಚಿ ತೋರಿಸಿದರು.

"ಬಾಣಂತಿ ಯಾಕಮ್ಮ ಬಂದೆ? ನಿನ್ನ ಗಂಡನ್ನ ಕಳಿಸಬಾರದಿತ್ತಾ?"

"ಅವರ ಮೇಲಿನ ಕೇಸಿಗೇ ಬಂದೆ ಸಾರ್. ಸ್ಟಿಲ್ಲಿಸೈಡ್ ಕೇಸು. ನಾನು ಸಾಕ್ಷಿ ಹೇಳ್ತೀನಿ."

ಅವರ ಮುಖ ಅರಳಿತು. ಬರೆಯಲು ನಾಚಿಕೆಯಾಗುತ್ತೆ, ಆದರೆ ನಿಜವಾಗಿಯೂ ಅರಳಿತು. "ಆ ಪದ ನಿನಗೆಲ್ಲಿ ಸಿಕ್ಕಿತಮ್ಮ? ಈಗಿನ ಜಡ್ಜುಗಳಿಗೇ ಗೊತ್ತಿಲ್ಲ."

"ಕಿಟಕಿಯಿಂದ ಕೇಳಿಸ್ತು."

"ಹಾಂ. ಗಂಡನ ವಿರುದ್ಧ ಸಾಕ್ಷಿ ಅಂದ್ರೆ ಮನೆಯಲ್ಲಿ ಜಗಳ ಆಗಲ್ವೇನಮ್ಮ? ಮಾತಲ್ಲೇ ಮುಗಿಸೋಣ ಅಂತ ನಮ್ಮ ಭಾವನಿಗೂ ಹೇಳಿದ್ದೀನಿ."

"ಇದು ಮಾತಲ್ಲಿ ಮುಗಿಯೋದಾ ಸಾರ್? ನಮ್ಮತ್ತೆಯನ್ನೂ ಸೇರಿಸ್ಕೊಳ್ಳಿ. ಅವರ ಕೈಯಲ್ಲೇ ಆಗಿದ್ದು."

"ಅತ್ತೆ ಯಾಕೆ? ಮನೆ ರವಿಕುಮಾರನ ಹೆಸರಲ್ಲಿ ತಾನೇ ಇರೋದು?" ಅವರು ಪೆನ್ನು ತೆಗೆದುಕೊಂಡರು. "ಇರಲಿ. ಎಲ್ಲಿಂದ ಬೀಳ್ತಾ ಇದೆ ಅಂತ ನೀನು ಕಣ್ಣಾರೆ ನೋಡಿದ್ದೀಯಾ?"

ನನಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. "ನಾನು ನೋಡ್ಲಿಲ್ಲ ಸಾರ್. ನನಗೆ ಮತ್ತು ಕೊಟ್ಟಿದ್ರು. ಎಚ್ಚರ ಬಂದಾಗ ಮಗು ಇರಲಿಲ್ಲ. ಆದ್ರೆ ಅತ್ತೆ ಹೇಳಿದ್ದು ಕಿವಿಯಾರೆ ಕೇಳಿದ್ದೀನಿ, ಅದು ಬೆಚ್ಚಗಿತ್ತು ಅಂತ."

ಅವರು ಪೆನ್ನು ಕೆಳಗಿಟ್ಟರು. ನನ್ನನ್ನೇ ನೋಡುತ್ತಾ ಕೂತರು. ಒಳಗೆಲ್ಲೋ ಮಿಕ್ಸಿ ತಿರುಗುತ್ತಿತ್ತು.

"ತಾಯೀ," ಅಂದರು, ಮೊದಲಿಗಿಂತ ಬಹಳ ನಿಧಾನವಾಗಿ, "ಸ್ಟಿಲ್ಲಿಸೈಡ್ ಅಂದ್ರೆ ಏನು ಅಂದ್ಕೊಂಡೆ?"

ಹೇಳಿದೆ. ನಿಘಂಟು ನೋಡಿದ್ದು, ಪದ ಒಡೆದಿದ್ದು, ಎಲ್ಲಾ. ಅವರು ಎರಡೂ ಕೈಯಿಂದ ಮುಖ ಉಜ್ಜಿಕೊಂಡರು.

"ಸೂರಿನ ನೀರಮ್ಮ ಅದು. ಸೂರಿನಿಂದ ತೊಟ್ಟಿಕ್ಕೋ ಮಳೆ ನೀರು. ನಿಮ್ಮ ಹೊಸ ಶೀಟಿನ ನೀರು ಭಾವನ ಗೋಡೆಗೆ ಬೀಳ್ತಾ ಇದೆ. ಗೋಡೆ ನೆನೆದು ಒಳಗಡೆ ಸುಣ್ಣ ಉದುರ್ತಾ ಇದೆ. ಅಷ್ಟೇ ಕೇಸು."

ನಾನು ನಂಬಲಿಲ್ಲ. ನಂಬಲಿಲ್ಲ ಅಂತ ಹೇಳಿಯೂ ಬಿಟ್ಟೆ. ಬಾಲದಲ್ಲಿ ಸೈಡ್ ಇದೆಯಲ್ಲ, ಅದು ಕೊಲೆಯಲ್ಲವಾ, ನನಗೂ ಒಂದಿಷ್ಟು ಇಂಗ್ಲಿಷ್ ಬರುತ್ತೆ ಅಂದೆ. ಅವರು ಸ್ಟೂಲ್ ಹತ್ತಿ ರಟ್ಟು ಕಿತ್ತುಹೋದ ಒಂದು ಪುಸ್ತಕ ಇಳಿಸಿ, ಪುಟ ತೆಗೆದು ನನ್ನ ಮುಂದಿಟ್ಟರು. ಅಲ್ಲಿ ಆ ಪದ ಇತ್ತು. ಅದರ ಸುತ್ತ ಮನೆ, ಗೋಡೆ, ಸೂರು, ಮಳೆ, ಪಕ್ಕದವನ ಜಾಗ. ಮಗು ಎಲ್ಲೂ ಇರಲಿಲ್ಲ.

"ಲ್ಯಾಟಿನ್ ಪದ ಕಣಮ್ಮ," ಅಂದರು. "ರೋಮನ್ನರ ಕಾಲದಲ್ಲೂ ನಮ್ಮ ಹಾಗೇ ಗೋಡೆಗೆ ಗೋಡೆ ಹಚ್ಚಿ ಮನೆ ಕಟ್ಕೊಂಡು ಸೂರಿನ ನೀರಿಗೆ ಜಗಳ ಆಡ್ತಿದ್ರು. ನನ್ನ ಸೂರಿನ ನೀರು ನಿನ್ನ ಜಾಗದಲ್ಲಿ ಬೀಳೋ ಹಕ್ಕು ಉಂಟು, ಇಲ್ಲ ಅಂತ ಕಾನೂನು ಮಾಡಿದ್ರು. ಸ್ಟಿಲ್ಲ ಅಂದ್ರೆ ಹನಿ. ನೀನು ಅಂದ್ಕೊಂಡ ಸ್ಟಿಲ್ ಬೇರೆ, ಅದು ಇಂಗ್ಲಿಷರದ್ದೇ ಪದ, ಅಲುಗಾಡದೆ ಇರೋದು ಅಂತ. ಇನ್ನು ಬಾಲ. ಹಾಮಿಸೈಡಿನ ಬಾಲ ಕೈದೆರೆ ಅನ್ನೋದರಿಂದ ಬಂದಿದ್ದು, ಕಡಿಯೋದು. ಇದರ ಬಾಲ ಕಾದೆರೆ ಅನ್ನೋದರಿಂದ, ಬೀಳೋದು. ಬೇರೆ ಪದದ ಜೊತೆ ಸೇರಿದಾಗ ಎರಡೂ ಒಂದೇ ಥರ ಆಗಿಬಿಡ್ತವೆ. ಹನಿ ಬೀಳೋದು. ಅಷ್ಟೇ ಅದರ ಅರ್ಥ."

ಹನಿ ಬೀಳೋದು.

"ಯಾರೂ ಬಳಸೋದಿಲ್ಲ ಅದನ್ನ ಈಗ. ನಮ್ಮ ಸೀನಿಯರ್ ಬಾಯಲ್ಲಿ ಕೇಳಿದ್ದು. ಭಾವನ ಮುಂದೆ ದೊಡ್ಡಸ್ತಿಕೆಗೆ ಅಂತ ಹೇಳ್ದೆ ಕಣಮ್ಮ. ಇಂಥಾ ಕಿವಿಗೆ ಬೀಳ್ತದೆ ಅಂತ ನನಗೇನು ಗೊತ್ತು." ಅವರ ದನಿ ಸಣ್ಣದಾಗಿತ್ತು. ಪುಸ್ತಕ ಮುಚ್ಚಿಟ್ಟು ಕೇಳಿದರು, "ಇದನ್ನ ಮನೆಯಲ್ಲಿ ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ."

"ಹೇಳದೇ ಇದ್ರೂ ಮನೆಯವರಿಗೆ ಗೊತ್ತಾಗ್ತದೆ."

ಅವರ ಹೆಂಡತಿ ಮಜ್ಜಿಗೆ ಕೊಟ್ಟರು. ಯಾರೋ ಕೊಟ್ಟದ್ದನ್ನು ಅನುಮಾನ ಪಡದೆ ಕುಡಿದು ಎಷ್ಟು ದಿನವಾಗಿತ್ತು. ಅವರೇ ಕಾರಿನಲ್ಲಿ ಬಿಡುತ್ತೇನೆ ಅಂದರು. ಬೇಡ ಅಂದು ಆಟೋದಲ್ಲಿ ಬಂದೆ.

ದಾರಿಯುದ್ದಕ್ಕೂ ಹಗುರಾಗಬೇಕಿತ್ತು. ಆಗಲಿಲ್ಲ. ಪದ ಹೋಯಿತು, ಸರಿ. ಫೋಟೋ, ಸಾಕ್ಷಿ, ನಲವತ್ತು ದಿನ, ಅದೆಲ್ಲಾ ಗೋಡೆಗೆ ಬಿದ್ದ ನೀರು. ಆದರೆ "ಬೆಚ್ಚುಗಿತ್ತು" ಅಂದಿದ್ದು ಲ್ಯಾಟಿನ್ ಅಲ್ಲ. ಅದು ಅತ್ತೆಯ ಬಾಯಿಂದ ಬಂದ ನಮ್ಮದೇ ಮಾತು. ಅದನ್ನು ಯಾವ ಪುಸ್ತಕದಲ್ಲಿ ನೋಡಲಿ?

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ.

ಸೆಪ್ಟೆಂಬರ್ 22, ಬುಧವಾರ

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಸೀರೆಗಳನ್ನು ಮಡಚಿ ಬ್ಯಾಗಿಗೆ ತುಂಬುತ್ತಿದ್ದರು.

"ಊರಿಗೆ ಹೊಂಟೆ. ನಿಮ್ಮವ್ವನ್ನ ಕರೆಸ್ಕೊ."

"ಯಾಕೆ?"

"ನಾ ಮಾಡಿದ್ದ ನೀನು ಬಚ್ಚಲಿಗೆ ಉಯ್ತೀಯ. ಬಾಣಂತಿ ಹೊಟ್ಟೆಗಿಲ್ದೆ ಒಣಗ್ತಾವ್ಳೆ. ನಾ ಯಾತಕ್ಕವ್ವ ಇರ್ಲಿ ಇಲ್ಲಿ?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಕೇಳಿಬಿಟ್ಟೆ, "ಗಂಡಾ ಹೆಣ್ಣಾ, ನಿಜ ಹೇಳಿ."

ಅವರು ಮಡಚುವುದನ್ನು ನಿಲ್ಲಿಸಿದರು. ಕೈಯಲ್ಲಿದ್ದ ಸೀರೆಯನ್ನು ನೋಡುತ್ತಾ, "ಹೆಣ್ಣು" ಅಂದರು.

"ಸುಳ್ಳು ಯಾಕೆ ಹೇಳಿದ್ರಿ?"

"ದಿನಾ ಹೆಣ್ಣು ಹೆಣ್ಣು ಅಂತಿದ್ದೆ. ಆ ಗೋಡೆಗೆಲ್ಲಾ ಕೇಳೋ ಹಂಗೆ ಮಾತಾಡ್ತಿದ್ದೆ ಅದುರ್ ಜೊತೆ. ಹೆಣ್ಣೇ ಆಗಿತ್ತು, ಹೋಯ್ತು ಅಂತ ಹೆಂಗವ್ವ ಹೇಳ್ಲಿ? ಗಂಡು ಅಂದ್ರೆ ನೀ ಕೇಳಿದ್ದಲ್ಲ, ಬ್ಯಾರೆ ಯಾವುದೋ ಅಂದ್ಕಂಡು ಒಸಿ ಕಮ್ಮಿ ಅಳ್ತೀಯೇನೋ ಅಂದ್ಕಂಡೆ. ಆ ನರ್ಸಮ್ಮಂಗೂ ಅದ್ನೇ ಹೇಳ್ದೆ, ನೀನು ನಿಜ ಬರ್ಕೊ, ನಮ್ಮುಡ್ಗಿ ಮುಂದೆ ಬಾಯ್ಬುಡ್ಬೇಡ ಅಂತ."

ನಾನು ಕೂತುಕೊಂಡೆ. ಇನ್ನೊಂದು ಉಳಿದಿತ್ತು. ಅದನ್ನು ಕೇಳದೆ ಬಿಟ್ಟರೆ ಬದುಕಿರುವ ತನಕ ಅದು ನನ್ನೊಳಗೆ ಕೂತಿರುತ್ತೆ ಅಂತ ಗೊತ್ತಿತ್ತು.

"ಬೆಚ್ಚಗಿತ್ತು ಅಂದ್ರಲ್ಲ, ರವಿ ಹತ್ತಿರ. ನಾನು ಕೇಳಿಸ್ಕೊಂಡೆ. ಸತ್ತಿದ್ರೆ ಬೆಚ್ಚಗೆ ಯಾಕಿತ್ತು?"

ಆಗ ಅವರು ನನ್ನ ಮುಖ ನೋಡಿದರು. ನಾನು ಇಷ್ಟು ದಿನ ಏನು ಅಂದುಕೊಂಡಿದ್ದೆ ಅನ್ನುವುದು ಅವರಿಗೆ ಅರ್ಥವಾಗುವುದನ್ನು ನಾನು ಕಣ್ಣಾರೆ ನೋಡಿದೆ. ನಿಧಾನವಾಗಿ ಮಂಚದ ತುದಿಗೆ ಕೂತರು.

"ನಿನ್ ಹೊಟ್ಟೆ ಬಿಸಿ ಕಣೇ ಅದು," ಅಂದರು. "ಆವಾಗ್ತಾನೆ ತೆಗ್ದು ಕೊಟ್ಟವ್ರೆ. ಉಸುರಿಲ್ಲ, ಮೈ ಮಾತ್ರ ಬಿಸಿ. ಆ ಬಿಸಿ ಹೋಗೋಗಂಟ ನಾ ಕೆಳಕ್ಕೆ ಇಡ್ಲಿಲ್ಲ. ಅದ್ನ ನಿಂಗೆ ಹೇಳಿದ್ರೆ ನೀ ಬದುಕ್ತಿದ್ಯಾ?"

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು.

ಊರಿಗೆ ಹೋಗಲಿಲ್ಲ. ಆದರೆ ಆಮೇಲೆ ಇಡೀ ದಿನ ಮಾತಾಡಲಿಲ್ಲ. ಮಧ್ಯಾಹ್ನ ಸಾರು ಬಡಿಸಿದರು. ಎರಡು ಸಲ ಹಾಕಿಸಿಕೊಂಡು ತಿಂದೆ. ಅವರು ಬೆನ್ನು ತಿರುಗಿಸಿಕೊಂಡು ಕೂತಿದ್ದರು.

ಸೆಪ್ಟೆಂಬರ್ 24

ಇನ್ನೂ ಮಾತಿಲ್ಲ. ಬಿಸಿನೀರು ಹೊಯ್ಯುತ್ತಾರೆ, ಬೆನ್ನು ಉಜ್ಜುತ್ತಾರೆ, ಮಾತಿಲ್ಲ.

ಸೆಪ್ಟೆಂಬರ್ 27, ಸೋಮವಾರ

ಬೆಳಿಗ್ಗೆ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, ಬೀದಿಯ ಕಡೆ ನೋಡಿಕೊಂಡು, "ಬತ್ತೀಯಾ?" ಅಂದರು.

ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಬಡಾವಣೆ ದಾಟಿ, ಸಣ್ಣ ವರ್ಕ್‌ಶಾಪುಗಳ ಹಿಂದಿನ ಕಾಲುದಾರಿ. ಒಂದು ಕಡೆ ಲೇತ್‌ಗಳ ಸದ್ದು, ಇನ್ನೊಂದು ಕಡೆ ಲಾಂಟಾನ ಪೊದೆ. ಅತ್ತೆ ನನ್ನ ನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ನಡೆದರು. ಹಳೇ ಮಸಣದ ಅಂಚಿನಲ್ಲಿ, ಹೊಂಗೆ ಮರದಿಂದ ಸ್ವಲ್ಪ ಈಚೆ, ಅವಳನ್ನು ಮಲಗಿಸಿದ್ದಾರೆ. ನಾಯಿ ಕೆದರದ ಹಾಗೆ ಅತ್ತೆ ವಾರ ವಾರ ಒಂದೊಂದು ಕಲ್ಲು ತಂದು ಜೋಡಿಸಿದ್ದಾರೆ. ಮಳೆಗೆ ಕುಸಿದಿದ್ದ ಮಣ್ಣನ್ನು ಇಬ್ಬರೂ ಕೂತು ಮೇಲಕ್ಕೆಳೆದೆವು. ನನ್ನ ಸೆರಗಿಗೂ ಕೆಮ್ಮಣ್ಣು ಹತ್ತಿತು.

"ಹೆಂಗಿದ್ಳು ಅತ್ತೆ?"

ಬರುವಾಗ ದಾರಿಯುದ್ದಕ್ಕೂ ಹೇಳಿದರು. ಕೂದಲು ತುಂಬ ಇತ್ತಂತೆ, ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತಂತೆ. ಮೂಗು ರವಿಯದ್ದು. ಎಡಗಿವಿಯ ಮೇಲ್ತುದಿ ಒಳಕ್ಕೆ ಮಡಚಿತ್ತಂತೆ, ನನ್ನದರ ಹಾಗೆ. ಉಗುರು ಬೆಳೆದಿದ್ದವಂತೆ. ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ. "ಅಂಥಾ ಕಾಲಿನೋರು ಒಂದ್ಕಡೆ ಕೂರಾಕಿಲ್ಲ, ಊರೆಲ್ಲಾ ತಿರುಗ್ತಾರೆ" ಅಂದು ಅತ್ತೆ ನಕ್ಕರು. ನಕ್ಕು ಅಲ್ಲೇ ಪೊದೆಯ ಪಕ್ಕ ಕೂತು ಅತ್ತರು. ನಾನೂ ಕೂತೆ. ವರ್ಕ್‌ಶಾಪಿನಿಂದ ಯಾರೋ ಬಗ್ಗಿ ನೋಡಿದರು. ನೋಡಲಿ.

ಅಕ್ಟೋಬರ್ 3, ಭಾನುವಾರ

ರವಿ ಫ್ಯಾಕ್ಟರಿಯ ಸ್ನೇಹಿತರಿಂದ ಸೂರಿನ ನೀರು ಹಿಡಿಯುವ ತಗಡಿನ ದೋಣಿ ಮಾಡಿಸಿಕೊಂಡು ಬಂದು ಶೀಟಿನ ಅಂಚಿಗೆ ಕೂರಿಸಿದರು. ಏಣಿ ಹಿಡಿದಿದ್ದು ವೆಂಕಟೇಶಪ್ಪ. "ಓರೆ ಆಯ್ತು ಕಣಯ್ಯ, ಎಡಕ್ಕೆ ಇಳಿಸು" ಅಂತ ಫೋರ್‌ಮನ್ ಗತ್ತಿನಲ್ಲೇ ಹೇಳುತ್ತಿದ್ದರು. ಸ್ಟೀಲ್ ಬಿಂದಿಗೆಯಲ್ಲಿ ನೀರು ಸುರಿದು ನೋಡಿದರು. ನೀರು ದೋಣಿಯಲ್ಲಿ ಹರಿದು ನಮ್ಮ ಅಂಗಳದ ತೆಂಗಿನ ಗಿಡಕ್ಕೆ ಹೋಯಿತು. ಚೆಲುವಮ್ಮ ಎಲ್ಲರಿಗೂ ಕಾಫಿ ಕೊಟ್ಟರು. ಹನುಮಯ್ಯನವರು ಅವರಿಗೆಲ್ಲ ಏನು ಹೇಳಿದ್ದಾರೋ, ಏನು ಹೇಳಿಲ್ಲವೋ ಗೊತ್ತಿಲ್ಲ. ನನ್ನ ಅನುಮಾನದ ಬಗ್ಗೆ ರವಿಗೆ ಅತ್ತೆ ಹೇಳಿಲ್ಲ. ಅಷ್ಟು ಗೊತ್ತು.

ಊಟವಾದ ಮೇಲೆ ಅತ್ತೆ ಮುಂದಿನ ಹಾಲಿನಲ್ಲಿ ಅಡ್ಡಾದರು. ರವಿ ಈ ಕೋಣೆಗೆ ಬಂದರು. ಆಸ್ಪತ್ರೆಯಿಂದ ಬಂದಾಗಿನಿಂದ ಅವರು ಹೆಚ್ಚಾಗಿ ಬಾಗಿಲ ಹತ್ತಿರವೇ ನಿಂತು ಮಾತಾಡಿಸಿ ಹೋಗುತ್ತಿದ್ದರು, ಒಳಗೆ ಬಂದರೆ ಚಡಪಡಿಸುತ್ತಿದ್ದರು. ಇವತ್ತು ನೆಲದ ಮೇಲೆ ಗೋಡೆಗೆ ಒರಗಿ ಕೂತರು. ತಗಡು ತಾಗಿ ಹೆಬ್ಬೆರಳು ಕುಯ್ದಿತ್ತು. ಬಟ್ಟೆ ಸುತ್ತಿಕೊಟ್ಟೆ. ಕೈ ಬಿಡಲಿಲ್ಲ.

"ಸೋಮವಾರ ಅಮ್ಮನ ಜೊತೆ ಹೋಗಿದ್ಯಂತೆ."

"ಹೂಂ."

"ಅವತ್ತು ನಾನೇ ಎತ್ಕೊಂಡು ಹೋಗಿದ್ದು ಉಷಾ. ಆಸ್ಪತ್ರೆಯಿಂದ ಅಲ್ಲೀವರೆಗೂ ನನ್ನ ಮಡಿಲಲ್ಲೇ ಇತ್ತು. ಅಮ್ಮ ಮುಖ ನೋಡ್ಲಾ ಒಂದ್ಸಲ ಅಂತ ಹೇಳ್ತಾನೇ ಇದ್ಲು. ನನಗೆ ಬಟ್ಟೆ ತೆಗೆಯೋಕೆ ಆಗ್ಲಿಲ್ಲ." ಹೆಬ್ಬೆರಳಿನ ಬಟ್ಟೆ ನೋಡಿಕೊಂಡರು. "ನೀನು ಗಂಡಾ ಹೆಣ್ಣಾ ಅಂತ ಕೇಳ್ದಾಗ ಅಮ್ಮ ಹೇಳಿದ್ದು ಸುಳ್ಳು ಅಂತ ಗೊತ್ತಿತ್ತು. ಅದಕ್ಕಿಂತ ಹೆಚ್ಚಿಗೆ ನೀನು ಏನಾದ್ರೂ ಕೇಳಿದ್ರೆ ಹೇಳೋಕೆ ನನ್ ಹತ್ರ ಏನೂ ಇರಲಿಲ್ಲ. ನಾನು ನೋಡೇ ಇಲ್ಲ."

ಹೊರಗೆ ಬಿಸಿಲಿತ್ತು. ವೆಂಕಟೇಶಪ್ಪನವರ ಕಿಟಕಿ ತೆರೆದಿತ್ತು. ಅವರ ಟಿ.ವಿ.ಯಲ್ಲಿ ಯಾವುದೋ ಸಿನಿಮಾ.

"ಹೆಂಗಿದ್ಳು?" ಅಂದರು ರವಿ, ನನ್ನನ್ನು. ನಾನು ನೋಡಿದ್ದೆ ಅನ್ನುವ ಹಾಗೆ.

ನಾನು ಹೇಳಿದೆ. ಕೂದಲು ಎಷ್ಟಿತ್ತು ಅನ್ನುವುದರಿಂದ ಶುರುಮಾಡಿದೆ.